ಗಡ್ಡ ಕೊಡುವ ಹಾರ್ಮೋನು ತಲೆಗೂದಲು ಕೇಳಿದಾಗ: ಟೆಸ್ಟೋಸ್ಟೆರಾನ್ ಪಡೆಯುತ್ತಿರುವ ಟ್ರಾನ್ಸ್ ಪುರುಷರಿಗೆ ಒಂದು ಕೈಪಿಡಿ

ಟೆಸ್ಟೋಸ್ಟೆರಾನ್ ಚುಚ್ಚುಮದ್ದು ಆರಂಭಿಸಿದ ಟ್ರಾನ್ಸ್ ಪುರುಷ, ಅಂದರೆ ಹುಟ್ಟಿನಲ್ಲಿ ಹೆಣ್ಣೆನಿಸಿಕೊಂಡು ಗಂಡಾಗಿ ಬದುಕುವವನು, ಮೊದಲ ವರ್ಷ ಕನ್ನಡಿಯ ಮುಂದೆ ನಿಲ್ಲುವುದು ಗದ್ದದ ಮೇಲೆ ಹೊಸದಾಗಿ ಮೂಡಿದ ಕೂದಲನ್ನು ಎಣಿಸುವುದಕ್ಕೆ. ಎರಡನೆಯ ಅಥವಾ ಮೂರನೆಯ ವರ್ಷ ಬರುವ ಹೊತ್ತಿಗೆ ಅದೇ ಕನ್ನಡಿಯಲ್ಲಿ ಅವನ ಕಣ್ಣು ಹಣೆಯ ಮೇಲಂಚಿಗೆ ಏರಿರುತ್ತದೆ. ನನಗೂ ಹೀಗೇ ಆಯಿತು. ಬಚ್ಚಲ ಜಾಲರಿಯಲ್ಲಿ ಸಿಕ್ಕಿಕೊಂಡ ಕೂದಲಿನ ಉಂಡೆಯನ್ನು ಕಂಡು ಗಾಬರಿಯಾಗಿ, ವೈದ್ಯರಿಗೂ ಹೇಳದೆ ಎರಡು ಚುಚ್ಚುಮದ್ದುಗಳನ್ನು ತಪ್ಪಿಸಿದೆ. ಕೂದಲು ಉಳಿಯಲಿಲ್ಲ, ನಿಂತುಹೋಗಿದ್ದ ಮುಟ್ಟು ಮಾತ್ರ ಮರಳಿ ಬಂತು. ಆ ಅವಸರದ ಬದಲು ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಮಾಡಬೇಕಿತ್ತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಔಷಧಗಳ ಹೆಸರು ಮತ್ತು ಪ್ರಮಾಣವನ್ನು ನಮೂದಿಸಿರುವುದು ನೀವು ವೈದ್ಯರ ಎದುರು ಕುಳಿತಾಗ ಮಾತು ಅರ್ಥವಾಗಲೆಂದೇ ಹೊರತು, ಅಂಗಡಿಗೆ ಹೋಗಿ ನೇರವಾಗಿ ಕೊಂಡು ನುಂಗಲೆಂದಲ್ಲ.

ಕೂದಲಿನ ಬುಡದಲ್ಲಿ ನಡೆಯುವುದೇನು

ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದೂ 2ರಿಂದ 6 ವರ್ಷ ಬೆಳೆದು, ಮೂರು ತಿಂಗಳಷ್ಟು ಕಾಲ ಸುಮ್ಮನಿದ್ದು, ಬಳಿಕ ಉದುರುತ್ತದೆ. ಅದೇ ಬುಡದಿಂದ ಹೊಸ ಕೂದಲು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಯಾರಿಗಾದರೂ ಸಹಜ. ದೇಹ ಸೇರಿದ ಟೆಸ್ಟೋಸ್ಟೆರಾನಿನ ಒಂದು ಪಾಲನ್ನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವವು ಡೈಹೈಡ್ರೊಟೆಸ್ಟೋಸ್ಟೆರಾನ್, ಅಂದರೆ ಡಿಎಚ್‌ಟಿ ಎಂಬ ಇನ್ನಷ್ಟು ಪ್ರಬಲವಾದ ಹಾರ್ಮೋನಾಗಿ ಪರಿವರ್ತಿಸುತ್ತದೆ. ಈ ಡಿಎಚ್‌ಟಿ ಗದ್ದ, ಎದೆ, ಹೊಟ್ಟೆಗಳ ನವಿರು ಕೂದಲನ್ನು ದಪ್ಪ ಕಪ್ಪು ಕೂದಲಾಗಿಸುತ್ತದೆ. ಆದರೆ ಹಣೆಯ ಅಂಚು, ನೆತ್ತಿ ಮತ್ತು ಸುಳಿಯ ಸುತ್ತಲಿನ ಬುಡಗಳು ಹುಟ್ಟಿನಿಂದಲೇ ಇದಕ್ಕೆ ಸೂಕ್ಷ್ಮವಾಗಿದ್ದರೆ ಅಲ್ಲಿ ತದ್ವಿರುದ್ಧ ಕೆಲಸ ಮಾಡುತ್ತದೆ. ಕೂದಲು ಬೆಳೆಯುವ ಅವಧಿ ಸುತ್ತಿನಿಂದ ಸುತ್ತಿಗೆ ಕಿರಿದಾಗುತ್ತದೆ, ಎಳೆ ತೆಳುವಾಗುತ್ತದೆ, ಕೊನೆಗೆ ಕಣ್ಣಿಗೆ ಕಾಣದಷ್ಟು ನವಿರಾಗುತ್ತದೆ. ತಲೆಯ ಹಿಂಭಾಗ ಮತ್ತು ಕಿವಿಯ ಮೇಲಿನ ಕೂದಲಿಗೆ ಈ ಸೂಕ್ಷ್ಮತೆ ಇಲ್ಲ. ಆದ್ದರಿಂದಲೇ ಪೂರ್ತಿ ಬಕ್ಕತಲೆಯವರಿಗೂ ಸುತ್ತ ಒಂದು ಅಂಚು ಉಳಿದಿರುತ್ತದೆ.

ಅಮೆರಿಕದ ಸಂಶೋಧಕ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ಪ್ರಕಟಿಸಿದ ಕೆಲಸ ನಮಗೆ ಬಹಳ ಹತ್ತಿರದ್ದು. ಪ್ರಾಯಕ್ಕೆ ಬರುವ ಮೊದಲೇ ವೃಷಣಗಳನ್ನು ಕಳೆದುಕೊಂಡ ಗಂಡಸರಿಗೆ ತಲೆ ಬೋಳಾಗುವುದಿಲ್ಲವೆಂಬುದನ್ನೂ, ಅಂಥವರಿಗೆ ಟೆಸ್ಟೋಸ್ಟೆರಾನ್ ಕೊಟ್ಟಾಗ ವಂಶದಲ್ಲಿ ಬೋಳುತಲೆ ಇದ್ದವರ ಕೂದಲಷ್ಟೇ ಹೋಗತೊಡಗುತ್ತದೆಂಬುದನ್ನೂ ಅವರು ತೋರಿಸಿದರು. ಔಷಧ ನಿಲ್ಲಿಸಿದಾಗ ಬೋಳು ಮುಂದುವರಿಯುವುದು ನಿಂತಿತು, ಹೋದ ಕೂದಲು ಮಾತ್ರ ಬರಲಿಲ್ಲ. ಹಾರ್ಮೋನು ಕೀಲಿಕೈ ಇದ್ದಂತೆ, ಬೀಗ ಹುಟ್ಟಿನಿಂದಲೇ ಬಂದಿರುತ್ತದೆ.

ನಮ್ಮ ಕಡೆ ಸೋದರಮಾವನ ತಲೆ ನೋಡಿ ಹುಡುಗನ ತಲೆಯ ಭವಿಷ್ಯ ಹೇಳುವ ರೂಢಿಯಿದೆ. ಅದರಲ್ಲಿ ಅರ್ಧ ಸತ್ಯವಿದೆ, ಏಕೆಂದರೆ ಆಂಡ್ರೊಜೆನ್ ಗ್ರಾಹಕದ, ಅಂದರೆ ಟೆಸ್ಟೋಸ್ಟೆರಾನ್, ಡಿಎಚ್‌ಟಿಯಂಥ ಗಂಡು ಹಾರ್ಮೋನುಗಳು ಜೀವಕೋಶದಲ್ಲಿ ಬಂದು ಕೂರುವ ಜಾಗದ, ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಹುಟ್ಟಿನಲ್ಲಿ ಗಂಡೆನಿಸಿಕೊಂಡವನಿಗೆ ಆ ಎಕ್ಸ್ ಬರುವುದು ತಾಯಿಯಿಂದ. ಆದರೆ ನಮ್ಮಲ್ಲಿ ಬಹುತೇಕರಿಗೆ ಎರಡು ಎಕ್ಸ್ ಇರುವುದರಿಂದ ಅಪ್ಪನ ಪಾಲೂ ಅಷ್ಟೇ ಇದೆ, ಅದಲ್ಲದೆ ಬೇರೆ ವರ್ಣತಂತುಗಳಲ್ಲಿಯೂ ಇದಕ್ಕೆ ಸಂಬಂಧಿಸಿದ ಅನೇಕ ಜೀನ್‌ಗಳಿವೆ. ಸೋದರಮಾವನ ಜೊತೆಗೆ ಅಪ್ಪ, ಚಿಕ್ಕಪ್ಪ, ಇಬ್ಬರು ತಾತಂದಿರು, ಮತ್ತು ಯಾರೂ ಲೆಕ್ಕಕ್ಕೆ ಹಿಡಿಯದ ಅಜ್ಜಿ ಅತ್ತೆಯರ ಅಗಲವಾದ ಬೈತಲೆ, ಇವೆಲ್ಲವನ್ನೂ ನೆನಪಿಗೆ ತಂದುಕೊಳ್ಳಿ. ಟೆಸ್ಟೋಸ್ಟೆರಾನ್ ಆರಂಭಿಸುವ ಮೊದಲೇ ಈ ಪಟ್ಟಿ ಬರೆದಿಟ್ಟುಕೊಂಡರೆ ಮುಂದಿನ ನಿರ್ಧಾರಗಳು ಅರ್ಧ ಹಗುರವಾಗುತ್ತವೆ.

ಅಮೆರಿಕದ ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿಯ ಪ್ರಕಾರ ತಲೆಗೂದಲು ಹೋಗುವುದು, ಹೋಗುವವರಿಗೆ, 6ರಿಂದ 12 ತಿಂಗಳಲ್ಲಿ ಆರಂಭವಾಗಬಹುದು. ಮುಖ ಮತ್ತು ಮೈಯ ಕೂದಲೂ ಅದೇ ಅವಧಿಯಲ್ಲಿ ಶುರುವಾದರೂ ಪೂರ್ಣ ಪ್ರಮಾಣಕ್ಕೆ ಬರಲು 4ರಿಂದ 5 ವರ್ಷ ಬೇಕು. ಈ ಎರಡು ಗಡುವುಗಳನ್ನು ನೆನಪಿನಲ್ಲಿಡಿ. ಮುಂದೆ ಡಿಎಚ್‌ಟಿ ಇಳಿಸುವ ಫಿನಾಸ್ಟೆರೈಡ್ ಮಾತ್ರೆಯ ವಿಷಯ ಬಂದಾಗ ಇಡೀ ಲೆಕ್ಕಾಚಾರ ಇವುಗಳ ಮೇಲೆಯೇ ನಿಲ್ಲುತ್ತದೆ.

ಮೊದಲು ತಿಳಿಯಬೇಕಾದದ್ದು: ಇದು ಯಾವ ಉದುರುವಿಕೆ?

ಹಣೆಯ ಅಂಚು ಸ್ವಲ್ಪ ಹಿಂದೆ ಸರಿದ ಮಾತ್ರಕ್ಕೆ ತಲೆ ಬೋಳಾಗುತ್ತಿದೆ ಎಂದಲ್ಲ. ಪ್ರಾಯದ ಗಂಡಸರಲ್ಲಿ ಹುಡುಗುತನದ ದುಂಡು ಅಂಚು ಮಾಯವಾಗಿ ಎರಡು ಪಕ್ಕಗಳಲ್ಲಿ ಒಳಸರಿದ ಅಂಚು ಬರುವುದು ಸಾಮಾನ್ಯ. ನಮ್ಮಲ್ಲಿಯೂ ಅದು ಬರುತ್ತದೆ, ಮತ್ತು ಅಪರಿಚಿತರು ನಮ್ಮನ್ನು ನೋಡಿದೊಡನೆ ‘ಸರ್’ ಎನ್ನುವುದರಲ್ಲಿ ಆ ಅಂಚಿನ ಪಾಲೂ ಇದೆ. ಅದು ಅಲ್ಲಿಗೇ ನಿಂತರೆ ಚಿಕಿತ್ಸೆಯ ಅಗತ್ಯವಿಲ್ಲ. ವೈದ್ಯರು ಬಳಸುವ ಹ್ಯಾಮಿಲ್ಟನ್–ನಾರ್ವುಡ್ ಅಳತೆಯಲ್ಲಿ ಇದು 7 ಹಂತಗಳ ಪೈಕಿ ಎರಡನೆಯದು.

ನಿಂತಿದೆಯೋ ಮುಂದುವರಿಯುತ್ತಿದೆಯೋ ಎಂಬುದನ್ನು ದಿನದಿನದ ಕನ್ನಡಿ ಹೇಳಲಾರದು, ಫೋಟೋ ಹೇಳುತ್ತದೆ. ತಿಂಗಳಿಗೊಮ್ಮೆ, ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ, ಎಣ್ಣೆ ಹಚ್ಚದ ಒಣಗಿದ ಕೂದಲಿನಲ್ಲಿ ಮೂರು ಚಿತ್ರ ತೆಗೆಯಿರಿ: ಕೂದಲನ್ನು ಹಿಂದಕ್ಕೆ ಒತ್ತಿಹಿಡಿದು ಮುಂಭಾಗ, ತಲೆ ಬಗ್ಗಿಸಿ ನೆತ್ತಿ, ಇನ್ನೊಬ್ಬರ ಕೈಯಿಂದ ಸುಳಿಯ ಭಾಗ. ತೆಗೆದ ಮೇಲೆ ಪ್ರತಿ ವಾರ ತೆರೆದು ನೋಡಬೇಡಿ. ಆರು ತಿಂಗಳಿಗೊಮ್ಮೆ ಮೊದಲಿನದನ್ನೂ ಕೊನೆಯದನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಸಾಕು.

ಹಾರ್ಮೋನಿನಿಂದ ಹೋಗುವ ಕೂದಲು ನಿಧಾನವಾಗಿ, ಮೇಲೆ ಹೇಳಿದ ಜಾಗಗಳಲ್ಲಿ ಮಾತ್ರ, ತೆಳುವಾಗುತ್ತ ಹೋಗುತ್ತದೆ. ಇದಕ್ಕೆ ವಿರುದ್ಧವಾಗಿ, ಇದ್ದಕ್ಕಿದ್ದಂತೆ ತಲೆಯ ಎಲ್ಲ ಕಡೆಯಿಂದಲೂ ಮುಷ್ಟಿ ಮುಷ್ಟಿಯಾಗಿ ಕೂದಲು ಬರುತ್ತಿದ್ದರೆ ಎರಡು ಮೂರು ತಿಂಗಳ ಹಿಂದೆ ದೇಹಕ್ಕೆ ಏನಾಗಿತ್ತೆಂದು ಯೋಚಿಸಿ. ಡೆಂಗಿ, ಟೈಫಾಯ್ಡ್, ಕೋವಿಡ್‌ನಂಥ ಜ್ವರ, ಊಟ ಬಿಟ್ಟು ಇಳಿಸಿದ ತೂಕ, ಅರಿವಳಿಕೆ ಕೊಟ್ಟು ಮಾಡಿದ ಶಸ್ತ್ರಚಿಕಿತ್ಸೆ, ಇವೆಲ್ಲವೂ ಬೆಳೆಯುತ್ತಿದ್ದ ಕೂದಲುಗಳನ್ನು ಒಟ್ಟಿಗೇ ವಿಶ್ರಾಂತಿಯ ಹಂತಕ್ಕೆ ದೂಡುತ್ತವೆ. ಟಾಪ್ ಸರ್ಜರಿ (ಸ್ತನ ತೆಗೆಸಿ ಎದೆಯನ್ನು ಗಂಡಸಿನ ಎದೆಯಂತೆ ಮಾಡಿಸುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡವರು ಇದನ್ನು ವಿಶೇಷವಾಗಿ ಗಮನಿಸಬೇಕು: ಎದೆಯ ಗಾಯ ಒಣಗಿ ಸಮಾಧಾನವಾಗುವ ಹೊತ್ತಿಗೆ ಸರಿಯಾಗಿ ಕೂದಲು ಉದುರಲು ಶುರುವಾಗುತ್ತದೆ, ಮತ್ತು ತಪ್ಪು ಪಾಪದ ಟೆಸ್ಟೋಸ್ಟೆರಾನಿನ ತಲೆಗೆ ಬರುತ್ತದೆ. ಈ ಬಗೆಯ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ಹತೋಟಿಗೆ ಬರುತ್ತದೆ. ತಲೆ ತೊಳೆದು ಒಂದು ದಿನವಾದ ಮೇಲೆ ಸುಮಾರು 50–60 ಕೂದಲನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದಾಗ ಆರಕ್ಕಿಂತ ಹೆಚ್ಚು ಕೂದಲು ಕೈಗೆ ಬಂದರೆ ಉದುರುವಿಕೆ ಸಕ್ರಿಯವಾಗಿದೆ ಎಂದು ಭಾವಿಸಬಹುದು. ನಾಣ್ಯದಷ್ಟು ಅಗಲದಲ್ಲಿ, ನುಣ್ಣಗೆ, ಒಂದೇ ಕಡೆ ಕೂದಲು ಹೋಗಿದ್ದರೆ ಅದು ಮತ್ತೊಂದೇ ಕಾಯಿಲೆ. ಅದಕ್ಕೆ ಈ ಲೇಖನದ ಯಾವ ಔಷಧವೂ ಮೊದಲ ಮದ್ದಲ್ಲ.

ರಕ್ತಪರೀಕ್ಷೆಯಲ್ಲಿ ಥೈರಾಯ್ಡ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹವನ್ನು ತೋರಿಸುವ ಅಂಕಿ), ವಿಟಮಿನ್ ಬಿ12 ಮತ್ತು ಡಿ ನೋಡಿಸಿ. ಇಲ್ಲಿ ನಮಗೆ ಮಾತ್ರ ಅನ್ವಯಿಸುವ ಒಂದು ತಿರುವು ಇದೆ. ವರ್ಷಗಟ್ಟಲೆ ಮುಟ್ಟಾಗಿ ಕಬ್ಬಿಣದ ಸಂಗ್ರಹ ಬರಿದಾಗಿದ್ದರೂ, ಟೆಸ್ಟೋಸ್ಟೆರಾನ್ ರಕ್ತವನ್ನು ಹೆಚ್ಚು ಉತ್ಪಾದಿಸುವಂತೆ ಮಾಡುವುದರಿಂದ ಹಿಮೋಗ್ಲೋಬಿನ್ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಒಳಗಿನ ಕೊರತೆ ಫೆರಿಟಿನ್ ನೋಡಿದರೆ ಮಾತ್ರ ತಿಳಿಯುತ್ತದೆ. ಹಾಗೆಂದು ಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆ ನುಂಗುವುದೂ ಸಲ್ಲ, ಏಕೆಂದರೆ ಹಿಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಶೇಕಡಾ 54 ದಾಟಿದರೆ ರಕ್ತ ಮಂದವಾಗುವ ಅಪಾಯವಿದೆ. ಇನ್ನೊಂದು ಎಚ್ಚರಿಕೆ ಬಯೋಟಿನ್ ಕುರಿತದ್ದು. ಕೂದಲಿಗೆಂದು ಮಾರುವ ಬಹುತೇಕ ಎಲ್ಲ ಮಾತ್ರೆಗಳಲ್ಲಿರುವ ಈ ವಿಟಮಿನ್ ಹೆಚ್ಚಿನ ಪ್ರಮಾಣದಲ್ಲಿದ್ದಾಗ ಥೈರಾಯ್ಡ್ ಮತ್ತು ಟೆಸ್ಟೋಸ್ಟೆರಾನ್ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಿಸಬಲ್ಲದು. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ಅದನ್ನು ನಿಲ್ಲಿಸಿ, ಪ್ರಯೋಗಾಲಯದವರಿಗೂ ತಿಳಿಸಿ. ಬಯೋಟಿನ್ ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬರುತ್ತದೆಂಬುದಕ್ಕೆ ಆಧಾರವೂ ಇಲ್ಲ.

ಟೆಸ್ಟೋಸ್ಟೆರಾನ್ ಕಡಿಮೆ ಮಾಡಿದರೆ ಆಗದೇ?

ಎಲ್ಲರ ಮನಸ್ಸಿಗೂ ಮೊದಲು ಬರುವ ಪ್ರಶ್ನೆ ಇದು. ಪುರುಷರ ಸಹಜ ಮಿತಿಯೊಳಗೆ, ಅಂದರೆ ಪ್ರತಿ ಡೆಸಿಲೀಟರಿಗೆ ಸುಮಾರು 320ರಿಂದ 1000 ನ್ಯಾನೋಗ್ರಾಂ ನಡುವೆ ನಿಮ್ಮ ಮಟ್ಟ ಇದ್ದರೆ, ಅದನ್ನು ಸ್ವಲ್ಪ ಇಳಿಸುವುದರಿಂದ ಕೂದಲಿಗೆ ಆಗುವ ಲಾಭ ಅಲ್ಪ. ಸೂಕ್ಷ್ಮವಾದ ಬುಡಗಳಿಗೆ ಸ್ವಲ್ಪ ಡಿಎಚ್‌ಟಿಯೂ ಸಾಕಾಗುತ್ತದೆ. ಮಿತಿ ಮೀರಿದ್ದರೆ ಮಾತು ಬೇರೆ. ಟೆಸ್ಟೋಸ್ಟೆರಾನ್ ಚುಚ್ಚುಮದ್ದಿನ ಎರಡು ಬಗೆಗಳಲ್ಲಿ ಎನಾಂಥೇಟ್ ತೆಗೆದುಕೊಳ್ಳುವವರು ಎರಡು ಚುಚ್ಚುಮದ್ದುಗಳ ನಡುವಿನ ದಿನ, ಹೆಚ್ಚು ಕಾಲ ಉಳಿಯುವ ಅಂಡೆಕನೊಯೇಟ್ ತೆಗೆದುಕೊಳ್ಳುವವರು ಮುಂದಿನ ಚುಚ್ಚುಮದ್ದಿಗೆ ಸ್ವಲ್ಪ ಮೊದಲು ಪರೀಕ್ಷೆ ಮಾಡಿಸಬೇಕು; ಚುಚ್ಚಿಸಿಕೊಂಡ ಮರುದಿನದ ಅಂಕಿ ನೋಡಿ ಹೆದರುವುದರಲ್ಲಿ ಅರ್ಥವಿಲ್ಲ. ಗಡ್ಡ ಬೇಗ ಬರಲೆಂದು ಹೇಳಿದ್ದಕ್ಕಿಂತ ಹೆಚ್ಚು ಚುಚ್ಚಿಕೊಳ್ಳುವವರು ನಮ್ಮ ನಡುವೆ ಇದ್ದಾರೆ. ಅವರು ಮಾಡಬೇಕಾದ ಮೊದಲ ಕೆಲಸ ವೈದ್ಯರು ಬರೆದ ಪ್ರಮಾಣಕ್ಕೆ ಮರಳುವುದು. ಜೆಲ್ ಬಳಸುವವರಲ್ಲಿ ಚರ್ಮದಲ್ಲಿರುವ ಕಿಣ್ವದಿಂದಾಗಿ ಡಿಎಚ್‌ಟಿ ಮಟ್ಟ ಹೋಲಿಕೆಯಲ್ಲಿ ಹೆಚ್ಚಿರುತ್ತದೆ ಎಂಬುದನ್ನೂ ವೈದ್ಯರ ಜೊತೆ ಚರ್ಚಿಸಬಹುದು. ಆದರೆ ಯಾರಿಗೂ ಹೇಳದೆ ಔಷಧ ನಿಲ್ಲಿಸಬೇಡಿ. ಅಂಡಾಶಯ ತೆಗೆಸಿಕೊಂಡವರು ಹೀಗೆ ನಿಲ್ಲಿಸಿದರೆ ದೇಹದಲ್ಲಿ ಯಾವ ಲೈಂಗಿಕ ಹಾರ್ಮೋನೂ ಸಾಕಷ್ಟಿಲ್ಲದೆ ಮೂಳೆ ಸವೆಯುತ್ತದೆ.

ಮಿನಾಕ್ಸಿಡಿಲ್: ಹಾರ್ಮೋನಿನ ತಂಟೆಗೆ ಹೋಗದ ಮದ್ದು

ಮಿನಾಕ್ಸಿಡಿಲ್ ಮೊದಲು ಬಂದದ್ದು ರಕ್ತದೊತ್ತಡದ ಮಾತ್ರೆಯಾಗಿ. ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದದ್ದನ್ನು ಕಂಡ ಮೇಲೆ ತಲೆಗೆ ಹಚ್ಚುವ ದ್ರಾವಣವಾಗಿ ಬದಲಾಯಿತು, 1988ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಇದು ಕೂದಲಿನ ಬೆಳೆಯುವ ಅವಧಿಯನ್ನು ಹಿಗ್ಗಿಸುತ್ತದೆ, ಟೆಸ್ಟೋಸ್ಟೆರಾನನ್ನಾಗಲಿ ಡಿಎಚ್‌ಟಿಯನ್ನಾಗಲಿ ಮುಟ್ಟುವುದಿಲ್ಲ. ಗಡ್ಡ, ದನಿ, ಕೆಳಗಿನ (ಚಂದ್ರನಾಡಿಯ) ಬೆಳವಣಿಗೆ ಯಾವುದಕ್ಕೂ ಅಡ್ಡಿಯಾಗದ ಕಾರಣ ಟೆಸ್ಟೋಸ್ಟೆರಾನಿನ ಮೊದಲ ವರ್ಷಗಳಲ್ಲಿ ಇರುವವರು ಇದರಿಂದಲೇ ಆರಂಭಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಶೇಕಡಾ 5ರ ದ್ರಾವಣವಾದರೆ ಒಂದು ಮಿಲಿಲೀಟರನ್ನು ದಿನಕ್ಕೆ ಎರಡು ಬಾರಿ, ಒಣಗಿದ ತಲೆಗೆ, ಕೂದಲನ್ನು ಬೈತಲೆ ತೆಗೆದಂತೆ ಸರಿಸಿ ಚರ್ಮಕ್ಕೆ ತಾಗುವಂತೆ ಹಚ್ಚಬೇಕು; ಕೂದಲಿಗೆ ಸುರಿದದ್ದು ವ್ಯರ್ಥ. ಹಚ್ಚಿದ ಮೇಲೆ ನಾಲ್ಕು ಗಂಟೆ ತಲೆ ತೊಳೆಯಬಾರದು, ಮಲಗುವ ಎರಡು ಗಂಟೆ ಮೊದಲೇ ಹಚ್ಚಿದರೆ ದಿಂಬಿಗೆ ಮೆತ್ತಿಕೊಳ್ಳುವುದಿಲ್ಲ, ಕೈಯನ್ನು ಸೋಪು ಹಾಕಿ ತೊಳೆಯಬೇಕು. ತುರಿಕೆ ಮತ್ತು ಹೊಟ್ಟು ಹೆಚ್ಚಾದರೆ ಅದು ಬಹುಪಾಲು ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲಿನ ಕಾಟ. ಅದಿಲ್ಲದ ನೊರೆಯ ರೂಪಕ್ಕೆ ಬದಲಿಸಿ ನೋಡಬಹುದು. ಮನೆಯಲ್ಲಿ ಬೆಕ್ಕಿದ್ದರೆ ಇದನ್ನು ವಿಷದಂತೆಯೇ ಕಾಣಿರಿ. ಔಷಧ ಹಚ್ಚಿದ ತಲೆಯನ್ನೋ ದಿಂಬನ್ನೋ ನೆಕ್ಕಿದ ಬೆಕ್ಕು ಸಾಯಬಹುದು.

ಆರಂಭದ ಎರಡರಿಂದ ಎಂಟು ವಾರಗಳಲ್ಲಿ ಉದುರುವುದು ಹೆಚ್ಚಾಗುತ್ತದೆ. ಹಳೆಯ ಕೂದಲು ಹೊಸದಕ್ಕೆ ಜಾಗ ಬಿಡುತ್ತಿರುವುದು ಅದು. ಆದರೆ ಬಹಳಷ್ಟು ಜನ ಈ ಘಟ್ಟದಲ್ಲಿಯೇ ಬಾಟಲಿಯನ್ನು ಎಸೆಯುತ್ತಾರೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು, ಪೂರ್ಣ ತೀರ್ಮಾನಕ್ಕೆ ಒಂದು ವರ್ಷ ಬೇಕು. ಬಿಟ್ಟರೆ ಗಳಿಸಿದ್ದು ಕೆಲವೇ ತಿಂಗಳಲ್ಲಿ ಹೋಗುತ್ತದೆ. ಆದ್ದರಿಂದ ಕೊಳ್ಳುವ ಮೊದಲು ತಿಂಗಳ ಖರ್ಚನ್ನು ವರ್ಷಗಳಿಂದ ಗುಣಿಸಿ ನೋಡಿ. ನಿಮ್ಮ ಕೈಗೆಟುಕುವ ಜೆನೆರಿಕ್ ಔಷಧವನ್ನು ತಪ್ಪದೆ ಹಚ್ಚುವುದು ದುಬಾರಿಯದನ್ನು ಆಗೀಗ ಹಚ್ಚುವುದಕ್ಕಿಂತ ಮೇಲು.

ಕಡಿಮೆ ಪ್ರಮಾಣದ ಮಿನಾಕ್ಸಿಡಿಲ್ ಮಾತ್ರೆಯನ್ನು ಈಚೆಗೆ ಚರ್ಮವೈದ್ಯರು ಹೆಚ್ಚಾಗಿ ಬರೆಯುತ್ತಿದ್ದಾರೆ. ಅದರ ಮುಖ್ಯ ಅಡ್ಡಪರಿಣಾಮ ಮುಖ ಮತ್ತು ಮೈಮೇಲೆ ಕೂದಲು ಹೆಚ್ಚುವುದು; ಹೆಂಗಸರು ದೂರುವ ಈ ತೊಂದರೆ ನಮ್ಮಲ್ಲಿ ಅನೇಕರಿಗೆ ಸಿಹಿಸುದ್ದಿ. ಆದರೂ ಕಾಲು ಬಾತುಕೊಳ್ಳುವುದು, ಎದೆ ಹೊಡೆದುಕೊಳ್ಳುವುದು, ತಲೆಸುತ್ತು ಇವು ನಿಜವಾದ ಅಪಾಯಗಳು. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರ ನಿಗಾ ಇಲ್ಲದೆ ತೆಗೆದುಕೊಳ್ಳಲೇಬಾರದು. ಗಡ್ಡಕ್ಕೂ ದ್ರಾವಣ ಹಚ್ಚುವ ಅಭ್ಯಾಸವಿದ್ದರೆ ಅದನ್ನೂ ಹೇಳಿ, ಏಕೆಂದರೆ ತಲೆ, ಗದ್ದ, ಮಾತ್ರೆ ಮೂರೂ ಸೇರಿ ದೇಹಕ್ಕೆ ಹೋಗುವುದು ಒಂದೇ ಔಷಧ.

ಫಿನಾಸ್ಟೆರೈಡ್: ಯಾವಾಗ ಎಂಬುದೇ ಪ್ರಶ್ನೆ

1974ರಲ್ಲಿ ಅಮೆರಿಕದ ಸಂಶೋಧಕಿ ಜೂಲಿಯನ್ ಇಂಪೆರಾಟೊ-ಮ್ಯಾಕ್‌ಗಿನ್ಲಿ ಮತ್ತು ಸಂಗಡಿಗರು ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳ ಬಗ್ಗೆ ಬರೆದರು. ಅಲ್ಲಿನ ಕೆಲವರಿಗೆ ಹುಟ್ಟಿನಿಂದಲೇ 5-ಆಲ್ಫಾ ರಿಡಕ್ಟೇಸ್ ಕಿಣ್ವದ ಕೊರತೆಯಿತ್ತು. ಪ್ರಾಯಕ್ಕೆ ಬಂದಾಗ ಅವರ ದನಿ ಒಡೆಯಿತು, ಸ್ನಾಯುಗಳು ಬಲಿತವು. ಆದರೆ ಅವರ ಹಣೆಯ ಅಂಚು ಹಿಂದೆ ಸರಿಯಲಿಲ್ಲ, ಮತ್ತು ಗಡ್ಡವೂ ಸರಿಯಾಗಿ ಬರಲಿಲ್ಲ. ಈ ಕಿಣ್ವವನ್ನು ತಡೆಯುವ ಔಷಧವಾಗಿ ಫಿನಾಸ್ಟೆರೈಡ್ ಬಂದದ್ದು ಆ ಸಂಶೋಧನೆಯ ಬೆನ್ನಲ್ಲೇ: ಅಮೆರಿಕದಲ್ಲಿ 1992ರಲ್ಲಿ ಪ್ರಾಸ್ಟೇಟ್ ತೊಂದರೆಗೆ 5 ಮಿಲಿಗ್ರಾಂ, 1997ರಲ್ಲಿ ಗಂಡಸರ ಕೂದಲಿಗೆ 1 ಮಿಲಿಗ್ರಾಂ. ನಮ್ಮ ಇಡೀ ಇಕ್ಕಟ್ಟು ಆ ಕುಟುಂಬಗಳ ಮುಖದಲ್ಲೇ ಇದೆ. ತಲೆಗೂದಲನ್ನು ಉಳಿಸುವ ಮಾತ್ರೆ ಗಡ್ಡದ ದಾರಿಯನ್ನೂ ಕಿರಿದು ಮಾಡಬಹುದು.

ದಿನಕ್ಕೆ 1 ಮಿಲಿಗ್ರಾಂ ಫಿನಾಸ್ಟೆರೈಡ್ ರಕ್ತದಲ್ಲಿನ ಡಿಎಚ್‌ಟಿಯನ್ನು ಸುಮಾರು ಮೂರನೇ ಎರಡರಷ್ಟು ಇಳಿಸುತ್ತದೆ, ಟೆಸ್ಟೋಸ್ಟೆರಾನನ್ನು ಇಳಿಸುವುದಿಲ್ಲ. ದನಿ ಮತ್ತು ಸ್ನಾಯು ಮುಖ್ಯವಾಗಿ ಟೆಸ್ಟೋಸ್ಟೆರಾನಿನ ಕೆಲಸವಾದ್ದರಿಂದ ಅವುಗಳ ಚಿಂತೆ ಬೇಡ. ಗಡ್ಡ, ಮೈಗೂದಲು ಮತ್ತು ಚಂದ್ರನಾಡಿಯ ಬೆಳವಣಿಗೆ ಮಾತ್ರ ಡಿಎಚ್‌ಟಿಯನ್ನು ಬಹಳವಾಗಿ ಅವಲಂಬಿಸಿವೆ. ಈ ಮೂರನೆಯದು ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ಪೂರ್ಣವಾಗುತ್ತದೆ. ಬೆಳೆದ ಚಂದ್ರನಾಡಿಯಿಂದಲೇ ಶಿಶ್ನ ರೂಪಿಸುವ ಮೆಟೊಯಿಡಿಯೋಪ್ಲಾಸ್ಟಿ ಶಸ್ತ್ರಚಿಕಿತ್ಸೆಯ ಯೋಚನೆ ಇದ್ದವರಿಗೆ ಆ ಬೆಳವಣಿಗೆಯೇ ಬಂಡವಾಳ. ಅವರು ಅದಕ್ಕೆ ಮುಂಚೆ ಫಿನಾಸ್ಟೆರೈಡ್ ಆರಂಭಿಸುವುದು ಜಾಣತನವಲ್ಲ.

ಉಳಿದವರ ವಿಷಯದಲ್ಲಿ ನಾನು ಹೀಗೆ ಯೋಚಿಸುತ್ತೇನೆ. ಮೊದಲ ಎರಡು ವರ್ಷ, ಕೂದಲು ನಿಧಾನವಾಗಿ ಹೋಗುತ್ತಿದ್ದರೆ, ಮಿನಾಕ್ಸಿಡಿಲ್ ಒಂದರಿಂದಲೇ ತಡೆದು ನಿಲ್ಲಿಸಿ. ಎರಡು ವರ್ಷದ ಬಳಿಕ, ಗಡ್ಡ ನಿಮಗೆ ತೃಪ್ತಿಯಾಗುವಷ್ಟು ಬಂದಿದ್ದರೆ ಫಿನಾಸ್ಟೆರೈಡ್ ಸೇರಿಸಿ. ಒಮ್ಮೆ ಬಲಿತ ಗಡ್ಡ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಆದರೆ ಗಡ್ಡ ಪೂರ್ತಿಯಾಗಲಿ ಎಂದು ಐದು ವರ್ಷ ಕಾಯುತ್ತ ಕುಳಿತರೆ, ಬೇಗ ಬೋಳಾಗುವ ವಂಶದವರಿಗೆ ಅಷ್ಟರಲ್ಲಿ ಉಳಿಸಲು ಕೂದಲೇ ಇರಲಿಕ್ಕಿಲ್ಲ, ಏಕೆಂದರೆ ಈ ಔಷಧ ಇದ್ದುದನ್ನು ಉಳಿಸುವಷ್ಟು ಚೆನ್ನಾಗಿ ಹೋದದ್ದನ್ನು ತರಲಾರದು. ಅಂಥವರು ಒಂದು ವರ್ಷಕ್ಕೇ ಈ ಮಾತೆತ್ತಬೇಕು. ಇನ್ನು ಗಡ್ಡವೇ ಬೇಡ, ದನಿ ಮತ್ತು ಮೈಕಟ್ಟು ಸಾಕು ಎನ್ನುವ ಟ್ರಾನ್ಸ್‌ಮ್ಯಾಸ್ಕ್ಯುಲಿನ್ (ಪೂರ್ತಿ ಗಂಡೆಂದು ಕರೆದುಕೊಳ್ಳದಿದ್ದರೂ ಗಂಡುತನದ ಕಡೆ ವಾಲಿದ) ವ್ಯಕ್ತಿಗಳೂ ಇದ್ದಾರೆ. ಅವರು ಮೊದಲ ದಿನದಿಂದಲೇ ಫಿನಾಸ್ಟೆರೈಡ್ ಕೇಳಿದರೆ ಅದರಲ್ಲಿ ವಿಚಿತ್ರವೇನೂ ಇಲ್ಲ. ಸ್ಪೇನಿನ ಚರ್ಮವೈದ್ಯರು 2017ರಲ್ಲಿ ಹತ್ತು ಟ್ರಾನ್ಸ್ ಪುರುಷರಿಗೆ 1 ಮಿಲಿಗ್ರಾಂ ಕೊಟ್ಟ ಅನುಭವವನ್ನು ಪ್ರಕಟಿಸಿದ್ದು, ಫಲಿತಾಂಶ ಉತ್ತೇಜನಕಾರಿಯಾಗಿತ್ತು. ಹತ್ತು ಜನ ಎಂಬುದು ಸಣ್ಣ ಸಂಖ್ಯೆ ಎಂಬುದನ್ನೂ ಮರೆಯುವಂತಿಲ್ಲ.

ಡ್ಯುಟಾಸ್ಟೆರೈಡ್ ಇದೇ ಜಾತಿಯ ಇನ್ನೂ ಬಲವಾದ ಔಷಧ. ಡಿಎಚ್‌ಟಿಯನ್ನು ಶೇಕಡಾ 90ಕ್ಕಿಂತ ಹೆಚ್ಚು ಇಳಿಸುತ್ತದೆ, ದೇಹದಿಂದ ಅರ್ಧ ಖಾಲಿಯಾಗಲು ಸುಮಾರು ಐದು ವಾರ ಬೇಕು. ಮನಸ್ಸು ಬದಲಾದರೆ ಬೇಗ ಹಿಂದಿರುಗಲಾಗದ ಔಷಧವಾದ್ದರಿಂದ ಅದನ್ನು ಮೊದಲ ಆಯ್ಕೆ ಮಾಡಿಕೊಳ್ಳಬೇಡಿ. ಮಿನಾಕ್ಸಿಡಿಲ್ ಜೊತೆ ಬೆರೆಸಿದ ಹಚ್ಚುವ ಫಿನಾಸ್ಟೆರೈಡ್ ಕೂಡ ನಮ್ಮ ಔಷಧದಂಗಡಿಗಳಲ್ಲಿ ಸಿಗುತ್ತದೆ. ಅದು ರಕ್ತಕ್ಕೆ ಸೇರುವುದು ಮಾತ್ರೆಗಿಂತ ಕಡಿಮೆ, ಆದರೆ ಸೇರುವುದೇ ಇಲ್ಲವೆಂದಲ್ಲ.

ಎರಡು ವಿಷಯಗಳಲ್ಲಿ ರಿಯಾಯಿತಿ ಇಲ್ಲ. ಮೊದಲನೆಯದು ಗರ್ಭ. ಮುಟ್ಟು ನಿಂತಿದ್ದರೂ ಟೆಸ್ಟೋಸ್ಟೆರಾನ್ ಗರ್ಭನಿರೋಧಕವಲ್ಲ. ಗರ್ಭಕೋಶ, ಅಂಡಾಶಯ ಇರುವವರು, ವೀರ್ಯದ ಸಂಪರ್ಕಕ್ಕೆ ಬರುವಂಥ ಲೈಂಗಿಕ ಸಂಬಂಧದಲ್ಲಿದ್ದರೆ ಕಾಂಡೋಮ್, ಕಾಪರ್-ಟಿಯಂಥ ವಿಧಾನ ಬಳಸಲೇಬೇಕು. ಫಿನಾಸ್ಟೆರೈಡ್ ಗಂಡು ಭ್ರೂಣದ ಜನನಾಂಗದ ಬೆಳವಣಿಗೆಯನ್ನು ಕೆಡಿಸಬಲ್ಲದು, ಟೆಸ್ಟೋಸ್ಟೆರಾನ್ ಕೂಡ ಭ್ರೂಣಕ್ಕೆ ಹಾನಿಕರ. ಖರ್ಚು ಉಳಿಸಲು 5 ಮಿಲಿಗ್ರಾಂ ಮಾತ್ರೆಯನ್ನು ತುಂಡು ಮಾಡುವವರು ಆ ಪುಡಿಯನ್ನು ಮನೆಯ ಗರ್ಭಿಣಿಯರು ಮುಟ್ಟದಂತೆ ನೋಡಿಕೊಳ್ಳಬೇಕು. ಎರಡನೆಯದು ಮನಸ್ಸು. ಕಾಮಾಸಕ್ತಿ ಕುಗ್ಗುವುದು, ಖಿನ್ನತೆ ಈ ಔಷಧದ ಪರಿಚಿತ ಅಡ್ಡಪರಿಣಾಮಗಳು. ಆತ್ಮಹತ್ಯೆಯ ಯೋಚನೆಗಳನ್ನೂ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಫಿನಾಸ್ಟೆರೈಡ್ ಮಾತ್ರೆಯ ಅಡ್ಡಪರಿಣಾಮವೆಂದು ದೃಢಪಡಿಸಿದೆ. ಮನೆಯವರ ಜಗಳ, ಕೆಲಸ, ದಾಖಲೆಗಳ ಓಡಾಟದಲ್ಲಿ ಮೊದಲೇ ಬಳಲಿದ ನಮ್ಮಂಥವರು ಇದನ್ನು ‘ಎಲ್ಲ ಔಷಧದ ಚೀಟಿಯಲ್ಲೂ ಬರೆದಿರುತ್ತಾರೆ’ ಎಂದು ತಳ್ಳಿಹಾಕುವಂತಿಲ್ಲ. ಹಿಂದೆ ಖಿನ್ನತೆ ಇದ್ದರೆ ಮೊದಲೇ ಹೇಳಿ. ಔಷಧ ಶುರುವಾದ ಮೇಲೆ ನಿಮ್ಮ ಮುಖ ನೋಡಿದೊಡನೆ ಬದಲಾವಣೆ ಗುರುತಿಸಬಲ್ಲ ಒಬ್ಬರಿಗೆ ಗಮನಿಸುತ್ತಿರಲು ಕೇಳಿಕೊಳ್ಳಿ. ಮನಸ್ಸು ಮಂಕಾದರೆ ಮಾತ್ರೆ ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಿರಿ.

ಚರ್ಮವೈದ್ಯರ ಎದುರು

ನಾನು ಮೊದಲು ಹೋದ ಕ್ಲಿನಿಕ್ಕಿನಲ್ಲಿ ಸಂಕೋಚಪಟ್ಟು ಹಾರ್ಮೋನಿನ ವಿಷಯ ಹೇಳಲಿಲ್ಲ. ಕಡತದಲ್ಲಿ ಹಳೆಯ ಹೆಸರು, ಲಿಂಗದ ಕಲಮಿನಲ್ಲಿ ‘ಸ್ತ್ರೀ’ ಎಂದಿತ್ತು. ವೈದ್ಯರು ನೆತ್ತಿಯನ್ನು ನೋಡಿ ಸ್ಪೈರೊನೊಲ್ಯಾಕ್ಟೋನ್ ಬರೆದರು. ಹೆಂಗಸರ ಕೂದಲು ಉದುರುವಿಕೆಗೆ ಸಾಮಾನ್ಯವಾಗಿ ಬರೆಯುವ ಈ ಮಾತ್ರೆ ಆಂಡ್ರೊಜೆನ್ ಕೆಲಸ ಮಾಡದಂತೆ ಅದರ ಗ್ರಾಹಕವನ್ನೇ ಮುಚ್ಚುತ್ತದೆ. ಒಂದು ಕೈಯಲ್ಲಿ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಂಡು ಇನ್ನೊಂದು ಕೈಯಲ್ಲಿ ಅದಕ್ಕೆ ಬಾಗಿಲು ಹಾಕಿದಂತೆ. ತಪ್ಪು ಅವರದಲ್ಲ, ಅರ್ಧ ವಿಷಯ ಮುಚ್ಚಿಟ್ಟದ್ದು ನಾನು.

ಹಾಗಾಗಿ ಕುರ್ಚಿಯಲ್ಲಿ ಕೂರುತ್ತಿದ್ದಂತೆಯೇ ಹೇಳಬೇಕಾದದ್ದು ಇಷ್ಟು: “ಡಾಕ್ಟ್ರೇ, ನಾನು ಟ್ರಾನ್ಸ್ ಪುರುಷ. ಎರಡು ವರ್ಷದಿಂದ ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುತ್ತಿದ್ದೇನೆ, ಇದು ಅದರ ಚೀಟಿ, ಇವು ರಕ್ತಪರೀಕ್ಷೆಯ ವರದಿಗಳು. ಕೂದಲಿನ ಚಿಕಿತ್ಸೆ ಇದಕ್ಕೆ ಅಡ್ಡಿಯಾಗಬಾರದು.” ಇದರ ಜೊತೆ ಮನೆತನದ ಪಟ್ಟಿ, ತಿಂಗಳ ಫೋಟೋಗಳು, ಗರ್ಭಕೋಶ ಮತ್ತು ಅಂಡಾಶಯ ಇವೆಯೋ ಇಲ್ಲವೋ ಎಂಬ ಮಾಹಿತಿ ಕೊಟ್ಟರೆ ವೈದ್ಯರಿಗೆ ಊಹಿಸುವ ಕಷ್ಟವಿರುವುದಿಲ್ಲ. ಬಿಡುವಿದ್ದಾಗ ನಿಮ್ಮ ಹಾರ್ಮೋನು ವೈದ್ಯರಿಂದ ಎರಡು ಸಾಲಿನ ಪತ್ರ ಬರೆಸಿಟ್ಟುಕೊಳ್ಳಿ. ಬಾಯಿಂದ ಹೇಳುವ ಮುಜುಗರವನ್ನು ಅದು ಅರ್ಧಕ್ಕೆ ಇಳಿಸುತ್ತದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆಯ 3ನೇ ಕಲಂ ವೈದ್ಯಕೀಯ ಸೇವೆ ನಿರಾಕರಿಸುವುದನ್ನೂ ಅನ್ಯಾಯವಾಗಿ ನಡೆಸಿಕೊಳ್ಳುವುದನ್ನೂ ನಿಷೇಧಿಸುತ್ತದೆ ಎಂಬುದು ತಿಳಿದಿರಲಿ.

ಎಣ್ಣೆ, ಸೊಪ್ಪು, ನೀರು

ಗರಗದ ಸೊಪ್ಪು, ದಾಸವಾಳ, ಕರಿಬೇವು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಗೆ ನಾನು ವಿರೋಧಿಯಲ್ಲ. ಕೂದಲು ನುಣುಪಾಗುತ್ತದೆ, ತುಂಡಾಗುವುದು ಕಡಿಮೆಯಾಗುತ್ತದೆ, ತಲೆ ತಂಪೆನಿಸುತ್ತದೆ. ಆದರೆ ಬುಡದೊಳಗಿನ ಡಿಎಚ್‌ಟಿಗೆ ಅದು ಲೆಕ್ಕಕ್ಕಿಲ್ಲ. ಎಣ್ಣೆಯ ಮೇಲೆ ಮಿನಾಕ್ಸಿಡಿಲ್ ಹಚ್ಚಿದರೆ ಔಷಧ ಚರ್ಮಕ್ಕೆ ತಲುಪುವುದಿಲ್ಲ, ಆದ್ದರಿಂದ ಎಣ್ಣೆಸ್ನಾನಕ್ಕೆ ವಾರದ ಒಂದು ದಿನ ಗೊತ್ತುಮಾಡಿಕೊಳ್ಳಿ. ಈರುಳ್ಳಿ ರಸ ಚರ್ಮ ಉರಿಸಿ ಮನೆಯವರನ್ನೂ ಓಡಿಸುತ್ತದೆ. ಬೆಂಗಳೂರಿನ ಕೊಳವೆಬಾವಿಯ ಗಡಸು ನೀರು ಕೂದಲನ್ನು ಒರಟಾಗಿಸುವುದು ಹೌದು, ಆದರೆ ಹಣೆ ಮತ್ತು ಸುಳಿಯನ್ನೇ ಆರಿಸಿಕೊಂಡು ಬೋಳು ಮಾಡುವಷ್ಟು ಜಾಣತನ ನೀರಿಗಿಲ್ಲ. ಟೆಸ್ಟೋಸ್ಟೆರಾನಿನಿಂದ ತಲೆಯ ಚರ್ಮ ಜಿಡ್ಡಾಗಿ ಹೊಟ್ಟು ಹೆಚ್ಚಿದ್ದರೆ ಶಿಲೀಂಧ್ರ ತಡೆಯುವ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆರಡು ಬಾರಿ, ನೊರೆಯನ್ನು ಐದು ನಿಮಿಷ ಬಿಟ್ಟು ತೊಳೆಯಿರಿ. ತುರಿಕೆ ನಿಂತರೆ ಕೆರೆದು ಕೀಳುವುದೂ ನಿಲ್ಲುತ್ತದೆ.

ಕಸಿ ಮತ್ತು ಕತ್ತರಿ

ಸ್ವಂತ ರಕ್ತದ ಪ್ಲಾಸ್ಮಾವನ್ನು ತಲೆಗೆ ಚುಚ್ಚುವ ಪಿಆರ್‌ಪಿ ಕೆಲವರಿಗೆ ಉಪಯೋಗವಾಗುತ್ತದೆ, ಕೆಲವರಿಗೆ ಇಲ್ಲ. ಹಲವು ಬಾರಿ ಮಾಡಿಸಬೇಕಾದ ದುಬಾರಿ ಚಿಕಿತ್ಸೆಯಾದ್ದರಿಂದ ಮೇಲಿನ ಎರಡು ಔಷಧಗಳನ್ನು ಒಂದು ವರ್ಷ ಸರಿಯಾಗಿ ಬಳಸುವ ಮೊದಲು ಅದಕ್ಕೆ ಹಣ ಹಾಕಬೇಡಿ.

ಕೂದಲು ಕಸಿಯಲ್ಲಿ ಹಿಂಭಾಗದ, ಡಿಎಚ್‌ಟಿಗೆ ಜಗ್ಗದ ಬುಡಗಳನ್ನು ತೆಗೆದು ಮುಂದೆ ನೆಡುತ್ತಾರೆ. ಉದುರುವಿಕೆ ಇನ್ನೂ ನಡೆಯುತ್ತಿರುವಾಗಲೇ ಕಸಿ ಮಾಡಿಸಿದರೆ ನೆಟ್ಟ ಕೂದಲು ಮುಂದೆ ನಿಂತು, ಅದರ ಹಿಂದಿನ ಸಹಜ ಕೂದಲು ಹೋಗಿ, ನಡುವೆ ಖಾಲಿ ಬಯಲು ಕಾಣುತ್ತದೆ. ಟೆಸ್ಟೋಸ್ಟೆರಾನ್ ಶುರುವಾಗಿ ಕೆಲವು ವರ್ಷ ಕಳೆದು, ಒಂದು ವರ್ಷದ ಫೋಟೋಗಳಲ್ಲಿ ವ್ಯತ್ಯಾಸ ಕಾಣದಿರುವಾಗ ಮಾತ್ರ ಇದನ್ನು ಯೋಚಿಸಿ, ಕಸಿಯ ನಂತರವೂ ಔಷಧ ಮುಂದುವರಿಸಬೇಕಾಗುತ್ತದೆ ಎಂಬುದಕ್ಕೆ ಸಿದ್ಧರಾಗಿರಿ. ಹಣೆಯ ಅಂಚನ್ನು ಗಂಡಸಿನ ಅಂಚಿನಂತೆಯೇ ಬಿಡಲು ಸ್ಪಷ್ಟವಾಗಿ ಹೇಳಿ, ಇಲ್ಲವಾದರೆ ಹಳೆಯ ಕಡತ ನೋಡಿ ದುಂಡಗೆ ನೆಟ್ಟುಬಿಟ್ಟಾರು. ಬೀದಿಗೊಂದರಂತೆ ತೆರೆದಿರುವ ಕೂದಲು ಕೇಂದ್ರಗಳಲ್ಲಿ ಕತ್ತರಿ ಹಿಡಿಯುವವರು ಯಾರೆಂದು ಕೇಳುವ ಹಕ್ಕು ನಿಮಗಿದೆ: ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಕೂದಲು ಕಸಿ ಮಾಡಲು ಸಾಕಾದ ತರಬೇತಿಯಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಸೂಚನೆ ಹೊರಡಿಸಿದೆ.

ಇದಾವುದೂ ಬೇಡವೆನ್ನುವವರಿಗೆ ಕ್ಷೌರದ ಅಂಗಡಿ ಇದ್ದೇ ಇದೆ. ತೆಳುವಾದ ಕೂದಲನ್ನು ಉದ್ದ ಬಿಟ್ಟು ಬಾಚಿ ಮುಚ್ಚುವುದಕ್ಕಿಂತ ಪಕ್ಕಗಳನ್ನು ಮೆಷಿನ್ನಿನಿಂದ ಸಣ್ಣಗೆ ಮಾಡಿಸಿ, ಮೇಲೆ ಅರ್ಧ ಇಂಚು ಉಳಿಸಿ, ಇದ್ದಷ್ಟು ಗಡ್ಡಕ್ಕೆ ಆಕಾರ ಕೊಟ್ಟರೆ ನೋಡುವವರ ಕಣ್ಣು ಕೆಳಗಿಳಿಯುತ್ತದೆ. ಪೂರ್ತಿ ಬೋಳಿಸಲು ಧೈರ್ಯ ಸಾಲದಿದ್ದರೆ ನಮ್ಮ ನಾಡಿನಲ್ಲಿ ಒಂದು ಅನುಕೂಲವಿದೆ: ತಿರುಪತಿಗೋ ಮಲೆ ಮಹದೇಶ್ವರ ಬೆಟ್ಟಕ್ಕೋ ಮುಡಿ ಕೊಟ್ಟು ಬಂದವನನ್ನು ಯಾರೂ ಕಾರಣ ಕೇಳುವುದಿಲ್ಲ, ಹಾಗಾಗಿ ಬೋಳುತಲೆ ನಿಮಗೆ ಒಪ್ಪುತ್ತದೆಯೇ ಎಂದು ಎರಡು ತಿಂಗಳು ಪರೀಕ್ಷಿಸಿ ನೋಡಬಹುದು. ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ ಎಂಬ ಮಾತನ್ನು ಮಾತ್ರ ನಂಬಬೇಡಿ. ಮೊಂಡು ತುದಿಯಿಂದಾಗಿ ದಪ್ಪವೆನಿಸುತ್ತದೆ ಅಷ್ಟೆ. ಬೋಳಿಸಿದ ತಲೆಗೆ ಬಿಸಿಲು ನೇರವಾಗಿ ತಾಗುವುದರಿಂದ ಹೊರಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚಿ ಅಥವಾ ಟೋಪಿ ಹಾಕಿ, ಮತ್ತು ಮಿನಾಕ್ಸಿಡಿಲ್ ಬಳಸುತ್ತಿದ್ದರೆ ಬ್ಲೇಡ್ ತಾಗಿದ ಗಾಯಗಳು ಒಣಗುವವರೆಗೆ ಅದನ್ನು ಹಚ್ಚಬೇಡಿ.